ಬಂಡೆಯಿಂದ ಬಂಡೆಗೆ ಹಾರಿದ ಮೀನಿನ ಮನೆತನ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ರಜೆಯಲ್ಲಿ ಮನೆಯವರ ಜೊತೆ ಮುರುಡೇಶ್ವರಕ್ಕೆ ಹೋಗಿದ್ದಾಗ ಸಮುದ್ರದಂಚಿನ ಬಂಡೆಗಳ ಮೇಲೆ ಬೆರಳುದ್ದದ ಕಂದು ಮೀನೊಂದು ಒಂದು ನೀರಿನ ಗುಂಡಿಯಿಂದ ಇನ್ನೊಂದಕ್ಕೆ ಜಿಗಿದು ಹೋಯಿತು. ಅಲ್ಲಿದ್ದ ಹುಡುಗ 'ಅದು ಕಲ್ಲುಮೀನು' ಅಂದ. ಮೊಬೈಲಿನಲ್ಲಿ 'ರಾಕ್‌ಫಿಶ್' ಅಂತ ಹುಡುಕಿದರೆ ಅಮೆರಿಕದ ದೊಡ್ಡ ಕೆಂಪು ಮೀನು ಬಂತು. ಗೆಳತಿ ಮಡ್‌ಸ್ಕಿಪ್ಪರ್ ಅನ್ನುತ್ತಾಳೆ, ಅಣ್ಣ ಬ್ಲೆನಿ ಅನ್ನುತ್ತಾನೆ. ಬ್ಲೆನಿ ಅಂತಲೇ ಇಟ್ಟುಕೊಂಡರೂ ನಮ್ಮ ಪಠ್ಯದಲ್ಲಿ ಅದರ ಗಣ ಪರ್ಸಿಫಾರ್ಮಿಸ್, ಬೇರೆ ಕಡೆ ಬ್ಲೆನಿಫಾರ್ಮಿಸ್. ಯಾವುದು ಸರಿ? ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಸರಿ. ನೀವು ನೋಡಿದ್ದು ಬ್ಲೆನಿ, ಅದರಲ್ಲೂ ಬ್ಲೆನಿಯಿಡೀ ಕುಟುಂಬಕ್ಕೆ ಸೇರಿದ, ಬಂಡೆಯಿಂದ ಬಂಡೆಗೆ ನೆಗೆಯುವ ಗುಂಪಿನದು. ಇವಕ್ಕೆ ಇಂಗ್ಲಿಷಿನಲ್ಲಿ ರಾಕ್‌ಸ್ಕಿಪ್ಪರ್ ಎನ್ನುವ ಹೆಸರೇ ಇದೆ. ಇದಕ್ಕೂ ಅಮೆರಿಕದ ರಾಕ್‌ಫಿಶ್‌ಗೂ ಸಂಬಂಧವಿಲ್ಲ, ಮಡ್‌ಸ್ಕಿಪ್ಪರ್‌ಗೂ ಹತ್ತಿರದ ನೆಂಟಸ್ತನವಿಲ್ಲ. ಪ್ರಭೇದಗಳು ಸೇರಿ ಕುಲ, ಕುಲಗಳು ಸೇರಿ ಕುಟುಂಬ, ಕುಟುಂಬಗಳು ಸೇರಿ ಗಣ. ಆ ಗಣ ಯಾವುದು ಅಂದರೆ, ಇವತ್ತಿನ ತಿಳಿವಳಿಕೆಯಂತೆ ಬ್ಲೆನಿಫಾರ್ಮಿಸ್. ನಿಮ್ಮ ಪಠ್ಯಪುಸ್ತಕ ಹಳೆಯ ವಿಂಗಡಣೆಯನ್ನು ಇನ್ನೂ ಇಟ್ಟುಕೊಂಡಿದೆ. ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ಯಾಕೆ ಅನ್ನುವುದು ಗೊತ್ತಾಗದೆ ಹೆಸರು ಬಾಯಿಪಾಠ ಮಾಡಿಕೊಂಡರೆ ಮುಂದಿನ ಸಲ ಬೇರೊಂದು ಮೀನು ಸಿಕ್ಕಾಗ ಮತ್ತೆ ಇದೇ ಗೊಂದಲ. ನಲವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದವನು ನಾನು, ಈಗ ನಿವೃತ್ತನಾಗಿ ಚಿತ್ರದುರ್ಗದಲ್ಲಿದ್ದೇನೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಹೆಸರಿನ ಮಾತು. ಆ ಹುಡುಗ 'ಕಲ್ಲುಮೀನು' ಅಂದದ್ದರಲ್ಲಿ ತಪ್ಪೇನೂ ಇಲ್ಲ. ಕಲ್ಲಿನ ಮೇಲೆ ಬದುಕುವ ಮೀನಿಗೆ ಅವನು ಇನ್ನೇನು ಹೆಸರು ಕೊಡಬೇಕು? ದಾವಣಗೆರೆಯಲ್ಲಿ 'ದುರ್ಗದವರು' ಅಂತ ಕರೆಸಿಕೊಳ್ಳುವ ಮನೆಗಳು ಎಷ್ಟೋ ಇವೆ. ಅವರೆಲ್ಲ ದುರ್ಗದಿಂದ ಬಂದವರು ಅಂತ ಆ ಹೆಸರು ಹೇಳುತ್ತದೆಯೇ ಹೊರತು, ಅವರೆಲ್ಲ ಒಬ್ಬರಿಗೊಬ್ಬರು ಅಣ್ಣತಮ್ಮಂದಿರು ಅಂತಲ್ಲ. ಕಲ್ಲುಮೀನು, ರಾಕ್‌ಫಿಶ್ ಎಂಬ ಹೆಸರುಗಳೂ ಹಾಗೆಯೇ. ಅವು ಮೀನಿನ ವಿಳಾಸ ಹೇಳುತ್ತವೆ, ಮನೆತನ ಹೇಳುವುದಿಲ್ಲ.

ಲೋಕದ ಮೂರು ತೀರಗಳಲ್ಲಿ ಇದೇ ಹೆಸರು ಮೂರು ಬೇರೆ ಮೀನುಗಳಿಗೆ ಸಿಕ್ಕಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ರಾಕ್‌ಫಿಶ್ ಅಂದರೆ ಸೆಬಾಸ್ಟಿಸ್ ಕುಲದ ಮೀನುಗಳು. ದಕ್ಷಿಣ ಆಫ್ರಿಕಾದ ತಣ್ಣೀರಿನ ಕಡಲತಡಿಯಲ್ಲಿ 'ಕ್ಲಿಪ್‌ವಿಸ್' ಅಂದರೂ ಅರ್ಥ ಕಲ್ಲುಮೀನು ಅಂತಲೇ. ಆದರೆ ಅದು ಕ್ಲೈನಿಡೀ ಕುಟುಂಬದ್ದು. ನಮ್ಮ ಕರಾವಳಿಯ ಹುಡುಗ ತೋರಿಸಿದ್ದು ಬ್ಲೆನಿಯಿಡೀ ಕುಟುಂಬದ್ದು. ಈ ಮೂರರಲ್ಲಿ ದಕ್ಷಿಣ ಆಫ್ರಿಕಾದ್ದೂ ನಮ್ಮದೂ ನಿಜವಾಗಿಯೂ ದಾಯಾದಿಗಳು. ಅಮೆರಿಕದ್ದು ಬೇರೆ ವಂಶ. ಹೆಸರನ್ನು ಎಷ್ಟು ಸಲ ಓದಿದರೂ ಈ ವ್ಯತ್ಯಾಸ ಹೊಳೆಯುವುದಿಲ್ಲ. ಮೀನನ್ನೇ ತಿರುವಿ ನೋಡಬೇಕು.

ತಿರುವಿ ನೋಡುವುದು ಅಂದೆ. ಆ ಮಾತಿನ ಹಿಂದೆ ನನ್ನದೇ ಒಂದು ತಪ್ಪು ಇದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕಾಲೇಜಿನ ಮ್ಯೂಸಿಯಂನಲ್ಲಿ ಒಂದು ಜಾಡಿ ಇತ್ತು. ಫಾರ್ಮಲಿನ್‌ನಲ್ಲಿ ಐದು ಸಣ್ಣ ಮೀನುಗಳು, ಮೇಲೆ ಹಳದಿ ತಿರುಗಿದ ಚೀಟಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ 'ಬ್ಲೆನಿಯಸ್' ಅಂತ ಬರೆದಿತ್ತು. ನನಗಿಂತ ಮೊದಲಿದ್ದವರು ಯಾರೋ ಬರೆದದ್ದು. ನಾನೂ ಅದನ್ನೇ ತೋರಿಸಿ ಮೂರು ವರ್ಷ ಪಾಠ ಮಾಡಿದೆ. ನಾಲ್ಕನೇ ವರ್ಷ ಜಾಡಿಯ ದ್ರಾವಣ ಬದಲಿಸುವಾಗ ಐದನ್ನೂ ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹಾಕಿದ್ದೆ. ಒಬ್ಬ ವಿದ್ಯಾರ್ಥಿನಿ ಕೈಗವಸು ಹಾಕಿಕೊಂಡು ಅವನ್ನು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ಮಲಗಿಸುತ್ತಿದ್ದಳು. 'ಸರ್, ಇವೆರಡಕ್ಕೆ ಎದೆ ಮೇಲೆ ಬಟ್ಟಲು ಇದೆ, ಉಳಿದ ಮೂರಕ್ಕೆ ಇಲ್ಲ' ಅಂದಳು. ಬಗ್ಗಿ ನೋಡಿದೆ. ಅವಳು ಹೇಳಿದ್ದು ನಿಜ. ಎರಡು ಮೀನುಗಳ ಹೊಟ್ಟೆಯ ಈಜುರೆಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಸಣ್ಣ ಬಟ್ಟಲಿನ ಹಾಗೆ ಆಗಿದ್ದವು. ಅವು ಗೋಬಿಗಳು. ಉಳಿದ ಮೂರಕ್ಕೆ ಆ ಜಾಗದಲ್ಲಿ, ಗಂಟಲಿಗೆ ಹತ್ತಿರವಾಗಿ, ಎರಡು ಮೂರು ದಪ್ಪ ದಾರಗಳು ಇಳಿಬಿಟ್ಟ ಹಾಗೆ ಇದ್ದವು. ಅವು ಬ್ಲೆನಿಗಳು. ಮೂರು ವರ್ಷ ಎರಡು ಬೇರೆ ವಂಶದ ಮೀನುಗಳನ್ನು ಒಂದೇ ಹೆಸರಿನಲ್ಲಿ ಮಕ್ಕಳಿಗೆ ತೋರಿಸಿದ್ದೆ. ಅವತ್ತಿನಿಂದ ಚೀಟಿ ಓದುವ ಮೊದಲು ಮೀನಿನ ಹೊಟ್ಟೆ ನೋಡುವುದನ್ನು ರೂಢಿ ಮಾಡಿಕೊಂಡೆ.

ನಿಮ್ಮ ಗೆಳತಿಯ ಮಡ್‌ಸ್ಕಿಪ್ಪರ್ ಕೂಡ ಗೋಬಿಗಳ ಕಡೆಯದು. ಅದೂ ನೀರು ಬಿಟ್ಟು ಹೊರಗೆ ಬರುತ್ತದೆ, ಅದೂ ಜಿಗಿಯುತ್ತದೆ, ಹಾಗಾಗಿ ಆಕೆ ಹಾಗಂದುಕೊಂಡದ್ದು ಸಹಜ. ಆದರೆ ಮಡ್‌ಸ್ಕಿಪ್ಪರ್‌ಗೆ ಬೇಕಾದದ್ದು ಅಳಿವೆಯ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ. ಎದೆಯ ರೆಕ್ಕೆಗಳನ್ನು ಊರುಗೋಲಿನಂತೆ ಊರಿ ಕೆಸರಿನ ಮೇಲೆ ನಡೆಯುತ್ತದೆ. ಕಣ್ಣುಗಳು ತಲೆಯ ನೆತ್ತಿಯ ಮೇಲೆ ಕಪ್ಪೆಯ ಕಣ್ಣಿನ ಹಾಗೆ ಉಬ್ಬಿರುತ್ತವೆ. ಬೆನ್ನ ಮೇಲೆ ಎರಡು ಬೇರೆ ಬೇರೆ ಈಜುರೆಕ್ಕೆಗಳು. ನೀವು ನೋಡಿದ ಮೀನು ಅಲೆ ಬಡಿಯುವ ಗಟ್ಟಿ ಬಂಡೆಯ ಮೇಲಿತ್ತು. ಅದರ ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಬಾಲದ ಬುಡದವರೆಗೆ ಒಂದೇ ಉದ್ದ ಪಟ್ಟಿಯಾಗಿ ಓಡುತ್ತದೆ, ನಡುವೆ ಒಂದು ತಗ್ಗು ಇರಬಹುದು ಅಷ್ಟೆ. ಮೈಮೇಲೆ ಹುರುಪೆಯಿಲ್ಲ, ಲೋಳೆ ಇರುತ್ತದೆ. ಕಣ್ಣಿನ ಮೇಲೆ, ಮೂಗಿನ ಹತ್ತಿರ ಸಣ್ಣ ಕುಚ್ಚುಗಳು. ಈ ಗುಂಪಿನ ಎಷ್ಟೋ ಪ್ರಭೇದಗಳ ಗಂಡಿಗೆ ನೆತ್ತಿಯ ಮೇಲೆ ಹುಂಜದ ಜುಟ್ಟಿನಂಥ ತೊಗಲಿನ ಏಣು ಇರುತ್ತದೆ. ಕೂತ ಭಂಗಿಯಲ್ಲೂ ವ್ಯತ್ಯಾಸ ಕಾಣುತ್ತದೆ: ಗೋಬಿ ಸಾಮಾನ್ಯವಾಗಿ ಕಡ್ಡಿಯ ಹಾಗೆ ನೇರವಾಗಿ ಕೂರುತ್ತದೆ, ಬ್ಲೆನಿ ಬಾಲವನ್ನು ಒಂದು ಬದಿಗೆ ಬಾಗಿಸಿಕೊಂಡು ಕೂರುತ್ತದೆ.

ಹಲ್ಲಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಆ ಮೂರು ಬ್ಲೆನಿಗಳಲ್ಲಿ ಒಂದರ ಮೇಲ್ದುಟಿಯನ್ನು ಸೂಜಿಯಿಂದ ಎತ್ತಿ ಭೂತಗನ್ನಡಿ ಹಿಡಿದಾಗ ಕಂಡದ್ದು ಬಾಚಣಿಗೆ. ಹೇನು ಬಾಚುವ ಹಣಿಗೆ ಇರುತ್ತದಲ್ಲ, ಅಷ್ಟು ಒತ್ತೊತ್ತಾಗಿ, ಒಂದೇ ಸಾಲಿನಲ್ಲಿ ಕೂದಲೆಳೆಯಂಥ ಹಲ್ಲುಗಳು. ಸೂಜಿಯ ತುದಿಯನ್ನು ಅವುಗಳ ಮೇಲೆ ಹಾಯಿಸಿದರೆ ಹಲ್ಲುಗಳು ಹಾರ್ಮೋನಿಯಂ ಮನೆಗಳ ಹಾಗೆ ಒಂದೊಂದಾಗಿ ಅಲುಗುತ್ತಿದ್ದವು. ರಾಕ್‌ಸ್ಕಿಪ್ಪರ್‌ಗಳ ಈ ಹಲ್ಲುಗಳು ದವಡೆಯ ಎಲುಬಿಗೆ ಬಿಗಿಯಾಗಿ ಕೂತಿರುವುದಿಲ್ಲ, ತುಟಿಯ ಒಳಗಿನ ತೊಗಲಿನಲ್ಲಿ ಸಡಿಲವಾಗಿ ನಿಂತಿರುತ್ತವೆ. ಬಂಡೆಯ ಮೇಲಿನ ಪಾಚಿಯ ತೆಳು ಪದರವನ್ನು, ಅದರಲ್ಲಿ ಸಿಕ್ಕಿಕೊಂಡ ಕಸಕಡ್ಡಿಯ ಪುಡಿಯನ್ನು ಕೆರೆದು ತಿನ್ನಲು ಹೇಳಿ ಮಾಡಿಸಿದ ಸಲಕರಣೆ. ಇಡೀ ಕುಟುಂಬಕ್ಕೆ ಇಂಗ್ಲಿಷಿನಲ್ಲಿ 'ಬಾಚಣಿಗೆ ಹಲ್ಲಿನ ಬ್ಲೆನಿಗಳು' ಅಂತಲೇ ಹೆಸರಿದೆ. ಸುಮಾರು 400 ಪ್ರಭೇದಗಳು ಈ ಒಂದು ಕುಟುಂಬದಲ್ಲಿವೆ.

ಇನ್ನು ನಿಮ್ಮ ಮೊಬೈಲಿಗೆ ಬಂದ ಕೆಂಪು ಮೀನು. ಸೆಬಾಸ್ಟಿಸ್ ಎಂಬ ಕುಲವನ್ನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ 1829ರಲ್ಲಿ ಹೆಸರಿಸಿದ. ಈಗ ಅದರಲ್ಲಿ 100ಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಉತ್ತರ ಪೆಸಿಫಿಕ್‌ನ ತಣ್ಣೀರಿನಲ್ಲಿ. ನಮ್ಮ ಅರಬ್ಬೀ ಸಮುದ್ರದಲ್ಲಿ ಒಂದೂ ಇಲ್ಲ. ಎಲ್ಲವೂ ದೊಡ್ಡವಲ್ಲ, ಪ್ಯೂಜೆಟ್ ಸೌಂಡ್ ರಾಕ್‌ಫಿಶ್ ಅನ್ನುವುದು ಒಂದು ಗೇಣಿಗಿಂತ ಉದ್ದ ಬೆಳೆಯುವುದಿಲ್ಲ. ಇವುಗಳ ಕೆನ್ನೆಯ ಚರ್ಮದಡಿ, ಕಣ್ಣಿನ ಕೆಳಗಿನಿಂದ ಕಿವಿರು ಮುಚ್ಚಳದ ಕಡೆಗೆ, ಎಲುಬಿನ ಒಂದು ಅಡ್ಡಪಟ್ಟಿ ಹಾದುಹೋಗುತ್ತದೆ. ಚೇಳುಮೀನುಗಳ ಬಳಗವನ್ನೆಲ್ಲ ಹಿಂದಿನವರು ಒಟ್ಟು ಮಾಡಿದ್ದು ಈ ಗುರುತಿನಿಂದಲೇ. ಬ್ಲೆನಿಗೆ ಅದಿಲ್ಲ. ರಾಕ್‌ಫಿಶ್ ಮೊಟ್ಟೆ ಇಡುವುದಿಲ್ಲ, ತಾಯಿಯ ಒಡಲಲ್ಲೇ ಮೊಟ್ಟೆ ಒಡೆದು ಮರಿಗಳು ಹೊರಬರುತ್ತವೆ. ಆಯಸ್ಸಂತೂ ನಂಬಲು ಕಷ್ಟ. ರಫ್‌ಐ ಎಂಬ ರಾಕ್‌ಫಿಶ್ ಒಂದರ ಕಿವಿಯೊಳಗಿನ ಕಲ್ಲಿನ ಉಂಗುರಗಳನ್ನು ಎಣಿಸಿದಾಗ ಅದಕ್ಕೆ 205 ವರ್ಷ ಎಂದು ಗೊತ್ತಾಯಿತು. ಕುವಿಯೇ ಈ ಕುಲಕ್ಕೆ ಹೆಸರಿಡುವ ಮೊದಲೇ ಹುಟ್ಟಿ, ಮೊನ್ನೆ ಮೊನ್ನೆಯವರೆಗೆ ಈಜಿಕೊಂಡಿದ್ದ ಮೀನು!

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಒಂದೇ ಮೀನು, ಎರಡು ಗಣ ಹೇಗೆ?

ಇದಕ್ಕೆ 1758ಕ್ಕೆ ಹೋಗಬೇಕು. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನ್ನೇಯಸ್ ಆ ವರ್ಷದ ತನ್ನ ಗ್ರಂಥದಲ್ಲಿ 'ಬ್ಲೆನಿಯಸ್' ಎಂಬ ಕುಲವನ್ನು ಮಾಡಿದ. ಗ್ರೀಕಿನಲ್ಲಿ ಆ ಪದದ ಮೂಲಕ್ಕೆ ಲೋಳೆ ಅಂತ ಅರ್ಥ. ಅವನ ವಿಂಗಡಣೆಯ ಕ್ರಮ ಸರಳವಾಗಿತ್ತು: ಹೊಟ್ಟೆಯ ರೆಕ್ಕೆಗಳು ಎಲ್ಲಿವೆ ನೋಡು. ಇಲ್ಲವೇ ಇಲ್ಲದಿದ್ದರೆ ಒಂದು ಗಣ, ಎದೆಯ ರೆಕ್ಕೆಗಿಂತ ಮುಂದೆ ಗಂಟಲ ಬಳಿ ಇದ್ದರೆ ಇನ್ನೊಂದು, ಎದೆಯ ಕೆಳಗಿದ್ದರೆ ಮತ್ತೊಂದು, ಹಿಂದೆ ಹೊಟ್ಟೆಯ ಬಳಿ ಇದ್ದರೆ ನಾಲ್ಕನೆಯದು. ಬ್ಲೆನಿಗೆ ಅವು ಗಂಟಲ ಬಳಿ ಇರುವುದರಿಂದ, ಅದೇ ಲಕ್ಷಣವಿದ್ದ ಕಾಡ್ (cod) ಎಂಬ ತಣ್ಣೀರಿನ ಕಡಲಮೀನಿನ ಜೊತೆಯಲ್ಲೇ ಕೂರಿಸಿದ. ಬ್ಲೆನಿಯಸ್ ಕುಲದೊಳಗೂ ಅವನು ಸೇರಿಸಿದ್ದು ಎಲ್ಲ ಬ್ಲೆನಿಗಳಲ್ಲ. ಬ್ಲೆನಿಯಸ್ ಒಸೆಲ್ಯಾರಿಸ್ ಎಂಬುದು ಇವತ್ತಿಗೂ ಅದೇ ಹೆಸರಿನಲ್ಲಿದೆ. ಆದರೆ ಅವನು ಬ್ಲೆನಿಯಸ್ ಫೈಸಿಸ್ ಅಂದದ್ದು ಕಾಡ್ ಮೀನಿನ ಬಳಗದ್ದು. ಬ್ಲೆನಿಯಸ್ ವಿವಿಪಾರಸ್ ಅಂದದ್ದು ಮರಿ ಹಾಕುವ ಈಲ್‌ಪೌಟ್. ಬ್ಲೆನಿಯಸ್ ಗನ್ನೆಲಸ್ ಅಂದದ್ದು ಹಾವಿನಂತೆ ಉದ್ದನೆಯ ಇನ್ನೊಂದು ಮೀನು, ಅದೂ ಬೇರೆ ವಂಶದ್ದೇ. ಎಲ್ಲವೂ ಉದ್ದಕ್ಕಿರುವಂಥವು, ಲೋಳೆ ಮೈಯವು, ತೀರದ ಕಲ್ಲುಸಂದಿಯಲ್ಲೋ ತಳದಲ್ಲೋ ಇರುವಂಥವು. ಆದರೆ ಒಂದೇ ಬಗೆಯ ಜಾಗದಲ್ಲಿ ಒಂದೇ ಬಗೆಯ ಬದುಕು ಬದುಕಿದವರ ಮೈಕಟ್ಟು ಒಂದೇ ಥರ ಆಗುತ್ತದೆ. ಲಿನ್ನೇಯಸನ ಮುಂದೆ ಇದ್ದ ಸಾಮಗ್ರಿಯಲ್ಲಿ ಅದಕ್ಕಿಂತ ಚೆನ್ನಾಗಿ ಯಾರಿಂದಲೂ ಮಾಡಲಾಗುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಜೀವಿಗಳು ಒಂದು ಮೂಲದಿಂದ ಕವಲೊಡೆದು ಬಂದವು ಎಂಬ ವಿಚಾರ ಗಟ್ಟಿಯಾಗಲು ಅವನ ನಂತರ ನೂರು ವರ್ಷ ಬೇಕಾಯಿತು.

ನಮ್ಮ ಕಡೆಯ ಬ್ಲೆನಿಗಳಿಗೂ ಆ ಕಾಲದಲ್ಲೇ ಹೆಸರು ಬಿದ್ದವು. ದುಸ್ಸುಮಿಯೇ ಎಂಬ ಫ್ರೆಂಚ್ ವ್ಯಾಪಾರಿ ಮಲಬಾರ್ ಕರಾವಳಿಯಲ್ಲಿ ಓಡಾಡಿ ಪ್ಯಾರಿಸ್ ಮ್ಯೂಸಿಯಂಗೆ ರಾಶಿ ರಾಶಿ ಮೀನು ಕಳಿಸುತ್ತಿದ್ದ. 1836ರಲ್ಲಿ ಆ ಮ್ಯೂಸಿಯಂನ ಪ್ರಾಣಿಶಾಸ್ತ್ರಜ್ಞ ವಾಲೆನ್ಸಿಯೆನ್ ಒಂದು ಬ್ಲೆನಿಗೆ ಅವನ ಹೆಸರನ್ನೇ ಇಟ್ಟ. ಈಗ ಅದು ಇಸ್ಟಿಬ್ಲೆನಿಯಸ್ ದುಸ್ಸುಮಿಯೇರಿ. ನೀವು ನೋಡಿದ್ದು ಈ ಇಸ್ಟಿಬ್ಲೆನಿಯಸ್ ಕುಲದ್ದೋ ಅದರ ಹತ್ತಿರದ್ದೋ ಆಗಿರಬೇಕು ಎಂಬುದು ನಿಮ್ಮ ವಿವರಣೆಯಿಂದ ನನಗೆ ಅನ್ನಿಸಿದ್ದು. ಪ್ರಭೇದ ಹೇಳಬೇಕಾದರೆ ಮೀನನ್ನು ಹತ್ತಿರದಿಂದ ನೋಡಬೇಕು.

ಆಮೇಲೆ ಬಂತು ಪರ್ಸಿಫಾರ್ಮಿಸ್ ಗಣ. ಇದನ್ನು ನಿಮಗೆ ಹೇಗೆ ಹೇಳಲಿ? ಹಳೆ ಅಂಗಡಿಗಳ ಲೆಕ್ಕದ ಪುಸ್ತಕದಲ್ಲಿ ಕೊನೆಗೆ 'ಇತರೆ' ಅಂತ ಒಂದು ಖಾತೆ ಇರುತ್ತಿತ್ತು. ಎಲ್ಲೂ ಸೇರದ್ದೆಲ್ಲ ಅಲ್ಲಿಗೆ. ಕೆಲವು ವರ್ಷ ಕಳೆದರೆ ಇತರೆ ಖಾತೆಯೇ ಎಲ್ಲಕ್ಕಿಂತ ದೊಡ್ಡದಾಗಿರುತ್ತಿತ್ತು. 2006ರ ಹೊತ್ತಿಗೆ ಪರ್ಸಿಫಾರ್ಮಿಸ್‌ನಲ್ಲಿ 160 ಕುಟುಂಬಗಳು, 10,000ಕ್ಕೂ ಮೀರಿದ ಪ್ರಭೇದಗಳು. ನಮ್ಮ ಬಂಗುಡೆ ಅದರಲ್ಲೇ, ಅಂಜಲ್ ಅದರಲ್ಲೇ, ಮುರುಮೀನು, ಜಿಲೇಬಿ ಮೀನು (ತಿಲಾಪಿಯಾ), ಗೋಬಿ, ಬ್ಲೆನಿ ಎಲ್ಲವೂ ಅದರಲ್ಲೇ. ಮುಂದೆ ಮುಳ್ಳುಗಡ್ಡಿಯಿರುವ ಬೆನ್ನಿನ ರೆಕ್ಕೆ, ಎದೆಯ ಹತ್ತಿರ ಹೊಟ್ಟೆಯ ರೆಕ್ಕೆ, ಹೀಗೆ ಒಂದಷ್ಟು ಸಾಮಾನ್ಯ ಲಕ್ಷಣ ಕಂಡರೆ ಸಾಕಿತ್ತು. ಈ ಗಣಕ್ಕೇ ವಿಶಿಷ್ಟವಾದ, ಬೇರೆ ಯಾರಿಗೂ ಇಲ್ಲದ ಒಂದು ಗುರುತು ಹೇಳಿ ಅಂದರೆ ಯಾರಿಗೂ ಹೇಳಲಾಗುತ್ತಿರಲಿಲ್ಲ. ನಿಮ್ಮ ಪಠ್ಯದಲ್ಲಿರುವುದು ಆ ಕಾಲದ ವಿಂಗಡಣೆ.

ಈ ದೊಡ್ಡ ಖಾತೆಯೊಳಗೇ ಬ್ಲೆನಿಗಳದು ಒಂದು ಪ್ರತ್ಯೇಕ ಮನೆ ಅನ್ನುವುದನ್ನು ಎಲುಬು ಎಣಿಸಿ ತೋರಿಸಿದವರಲ್ಲಿ ಮುಖ್ಯರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಕ್ಟರ್ ಸ್ಪ್ರಿಂಗರ್. 1968ರಲ್ಲಿ ಅವರು ಬ್ಲೆನಿಯಿಡೀ ಕುಟುಂಬದ ಅಸ್ಥಿಪಂಜರದ ಮೇಲೆ ಬರೆದ ಅಧ್ಯಯನ, 1993ರಲ್ಲಿ ಇಡೀ ಬಳಗಕ್ಕೆ ಕೊಟ್ಟ ವ್ಯಾಖ್ಯೆ, ಇವೆರಡೂ ಇವತ್ತಿಗೂ ತಳಪಾಯ. ಬೆರಳುದ್ದದ ಮೀನಿನ ಮಾಂಸವನ್ನು ಕಿಣ್ವದಿಂದ ಪಾರದರ್ಶಕ ಮಾಡಿ, ಎಲುಬಿಗೆ ಕೆಂಪು, ಮೃದ್ವಸ್ಥಿಗೆ ನೀಲಿ ಬಣ್ಣ ಹಿಡಿಸಿ, ಒಂದೊಂದು ಕಡ್ಡಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಅದು. ಆ ಕೆಲಸದಿಂದ ಆರು ಕುಟುಂಬಗಳು ಒಟ್ಟಿಗೆ ನಿಂತವು. ಬ್ಲೆನಿಯಿಡೀ ಹೇಳಿದೆ. ಬೆನ್ನ ಮೇಲೆ ಮೂರು ರೆಕ್ಕೆ ಇರುವ, ಹುರುಪೆಯೂ ಇರುವ ಟ್ರಿಪ್ಟೆರಿಜಿಯಿಡೀ. ದಕ್ಷಿಣ ಆಫ್ರಿಕಾದ ಕಲ್ಲುಮೀನುಗಳ ಕ್ಲೈನಿಡೀ, ಅವು ಹೆಚ್ಚಾಗಿ ತಣ್ಣೀರಿನವು, ಆಫ್ರಿಕಾದವು ಮರಿ ಹಾಕುತ್ತವೆ. ಉಳಿದ ಮೂರು, ಲ್ಯಾಬ್ರಿಸೋಮಿಡೀ, ಕೀನಾಪ್ಸಿಡೀ, ಡ್ಯಾಕ್ಟಿಲೋಸ್ಕೋಪಿಡೀ, ಬಹುಮಟ್ಟಿಗೆ ಅಮೆರಿಕ ಖಂಡಗಳ ಎರಡು ಬದಿಯವು, ನಿಮಗೆ ಇಲ್ಲಿ ಕಾಣಸಿಗುವುದಿಲ್ಲ. ಎಲ್ಲ ಸೇರಿ 900ಕ್ಕೂ ಹೆಚ್ಚು ಪ್ರಭೇದಗಳು.

ಮುಂದೆ ಡಿ.ಎನ್.ಎ. ಬಂತು. ಸ್ಪ್ರಿಂಗರ್ ಎಲುಬಿನಿಂದ ಕಟ್ಟಿದ ಮನೆಯನ್ನು ಅದು ಮುರಿಯಲಿಲ್ಲ. ಆರು ಕುಟುಂಬ ಒಂದೇ ಬಳಗ ಅನ್ನುವುದು 2013ರಲ್ಲಿ ಲಿನ್ ಮತ್ತು ಹೇಸ್ಟಿಂಗ್ಸ್ ಮಾಡಿದ ಅಧ್ಯಯನದಲ್ಲೂ ಉಳಿಯಿತು. ಒಳಗಿನ ಗೋಡೆಗಳು ಮಾತ್ರ ಸ್ವಲ್ಪ ಅಲುಗಿದವು. ಲ್ಯಾಬ್ರಿಸೋಮಿಡೀ ಕುಟುಂಬದ ಸದಸ್ಯರೆಲ್ಲ ಒಂದೇ ಕವಲಿನವರಲ್ಲ ಎಂದು ಕಂಡುಬಂತು, ಅದರ ಗಡಿ ಇನ್ನೂ ಸರಿಹೋಗಬೇಕು. ದೊಡ್ಡ ಬದಲಾವಣೆ ಆದದ್ದು ಮನೆಯ ಹೊರಗೆ. ಈ ಮನೆ ಯಾವ ಊರಿನಲ್ಲಿದೆ, ಅಕ್ಕಪಕ್ಕದವರು ಯಾರು ಅನ್ನುವುದೇ ಬೇರೆಯಾಯಿತು.

2012ರಲ್ಲಿ ಒಂದು ದೊಡ್ಡ ಕವಲಿಗೆ ಓವಲೆಂಟೇರಿಯಾ ಎಂದು ಹೆಸರಿಟ್ಟರು. 'ಅಂಟುಮೊಟ್ಟೆಯವರು' ಅಂತ ಕನ್ನಡದಲ್ಲಿ ಹೇಳಬಹುದು. 5,000ಕ್ಕೂ ಹೆಚ್ಚು ಪ್ರಭೇದಗಳು. ಬ್ಲೆನಿಗಳು ಈ ಕವಲಿನವು. ಅವುಗಳ ಜೊತೆ ಯಾರಿದ್ದಾರೆ ನೋಡಿ: ಕಡಲ ಮೇಲೆ ಹಾರುವ ಹಾರುಮೀನು, ಕೊಕ್ಕಿನ ಸೂಜಿಮೀನು, ಸೊಳ್ಳೆಮರಿ ತಿನ್ನಲೆಂದು ನಮ್ಮೂರ ತೊಟ್ಟಿಗಳಿಗೆ ಬಿಡುವ ಗಪ್ಪಿ, ಕೇರಳದವರ ಕರಿಮೀನು, ಮತ್ತೆ ನಮ್ಮ ಜಿಲೇಬಿ. ಹೌದು, 1952ರಲ್ಲಿ ಭಾರತಕ್ಕೆ ಬಂದು ಇವತ್ತು ನಮ್ಮ ಕೆರೆಕೆರೆಗಳಲ್ಲೂ ತುಂಬಿಕೊಂಡಿರುವ ತಿಲಾಪಿಯಾ. ಚನ್ನಗಿರಿಯ ಸೂಳೆಕೆರೆಯ ದಡದಲ್ಲಿ ನಿಂತು ಜಿಲೇಬಿ ನೋಡುವಾಗ ನೀವು ನೋಡುತ್ತಿರುವುದು ಮುರುಡೇಶ್ವರದ ಬಂಡೆಯ ಆ ಪುಟ್ಟ ಮೀನಿನ ನೆಂಟರನ್ನು. ಮೈಕಟ್ಟಿನಲ್ಲಿ ಅವಳಿಜವಳಿಯಂತೆ ಕಾಣುವ ಗೋಬಿ ದೂರದ್ದು, ಏನೇನೂ ಹೋಲದ ಜಿಲೇಬಿ ಹತ್ತಿರದ್ದು. ಈ ವಿಷಯವನ್ನು ಮೊದಲ ಸಲ ಓದಿದ ದಿನ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಅಂಟುಮೊಟ್ಟೆ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಈ ಬಳಗದ ಬಹುಪಾಲು ಮೀನುಗಳ ಮೊಟ್ಟೆಗೆ ಸಣ್ಣ ಅಂಟುಎಳೆಗಳಿರುತ್ತವೆ. ಬ್ಲೆನಿಗಳಲ್ಲಿ ಹೆಣ್ಣು ಬಂದು ಕಲ್ಲಿನ ಬಿರುಕಿನಲ್ಲೋ ಖಾಲಿ ಚಿಪ್ಪಿನಲ್ಲೋ ಒಂದೇ ಪದರವಾಗಿ ಮೊಟ್ಟೆಗಳನ್ನು ಅಂಟಿಸಿ ಹೋಗುತ್ತದೆ. ಕಾಯುವವನು ಗಂಡು. ಬಾಗಿಲಲ್ಲಿ ತಲೆಯಿಟ್ಟುಕೊಂಡು, ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತ, ಮರಿ ಆಗುವವರೆಗೆ ಅಲ್ಲಿಯೇ ಇರುತ್ತಾನೆ. ಕರಿಮೀನು ಕೂಡ ಕಲ್ಲಿಗೋ ಕೊರಡಿಗೋ ಮೊಟ್ಟೆ ಅಂಟಿಸಿ ಗಂಡುಹೆಣ್ಣು ಸೇರಿ ಕಾಯುತ್ತವೆ. ಜಿಲೇಬಿ ಮಾತ್ರ ಆ ಪದ್ಧತಿ ಬಿಟ್ಟು ಮೊಟ್ಟೆಗಳನ್ನು ಬಾಯಲ್ಲಿಟ್ಟು ಸಾಕುತ್ತದೆ. ಮನೆತನದ ಪದ್ಧತಿಯನ್ನು ಒಂದು ಕವಲು ಬಿಟ್ಟುಬಿಡುವುದು ಮೀನುಗಳಲ್ಲೂ ಉಂಟು.

ಈಗ ಗಣದ ಬದಲಾವಣೆ ನಿಮಗೆ ಅರ್ಥವಾಗಲು ದೂರದ ಉದಾಹರಣೆ ಬೇಡ, ನಿಮ್ಮ ಊರೇ ಸಾಕು. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ನನ್ನ ಹಳೆಯ ವಿದ್ಯಾರ್ಥಿಗಳ ಅಂಕಪಟ್ಟಿಗಳಲ್ಲಿ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತಲೇ ಇದೆ. ಆ ವರ್ಷ ಹೊಸ ಜಿಲ್ಲೆ ಆಯಿತು. ಹರಿಹರ, ಜಗಳೂರು ಜೊತೆಗೆ ಬಂದವು, ಚನ್ನಗಿರಿ ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಹರಪನಹಳ್ಳಿ ಬಳ್ಳಾರಿಯಿಂದ ಬಂದು ಸುಮಾರು ಇಪ್ಪತ್ತು ವರ್ಷದ ನಂತರ ಅಲ್ಲಿಗೇ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ನಿಮ್ಮ ಓಣಿ ಅಲ್ಲೇ ಇದೆ, ಮನೆ ಅಲ್ಲೇ ಇದೆ. ವಿಳಾಸದ ಮೇಲಿನ ಸಾಲು ಮಾತ್ರ ಬದಲಾಯಿತು. ಬ್ಲೆನಿಗೂ ಆದದ್ದು ಇದೇ. ಕುಲ ಅದೇ, ಬ್ಲೆನಿಯಿಡೀ ಕುಟುಂಬ ಅದೇ, ಗಣ ಹೊಸದು. ಒಂದು ದೊಡ್ಡ ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಜಿಲ್ಲೆಯನ್ನು ಸರ್ಕಾರದ ಆದೇಶ ಮಾಡುತ್ತದೆ, ಆಡಳಿತದ ಅನುಕೂಲ ನೋಡಿ. ಮೀನಿನ ಗಣವನ್ನು ಯಾರೂ ಆದೇಶ ಹೊರಡಿಸಿ ಮಾಡಲಾಗದು. 'ಇವೆಲ್ಲ ಒಂದೇ ತಾಯಿಬೇರಿನಿಂದ ಬಂದವು' ಎಂಬ ಹೇಳಿಕೆ ಅದು, ಸಾಕ್ಷಿ ಸಿಕ್ಕಂತೆ ನಿಲ್ಲುತ್ತದೆ ಅಥವಾ ಬೀಳುತ್ತದೆ. ಬ್ಲೆನಿಯನ್ನು ಬಂಗುಡೆಯ ಜೊತೆ ಒಂದೇ ಗಣದಲ್ಲಿಟ್ಟ ಹೇಳಿಕೆ ಬಿತ್ತು.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. ಅಮೆರಿಕದ ರಾಕ್‌ಫಿಶ್ ಹಿಂದೆ ಪರ್ಸಿಫಾರ್ಮಿಸ್‌ನಲ್ಲಿ ಇರಲಿಲ್ಲ, ಚೇಳುಮೀನುಗಳ ಸ್ಕಾರ್ಪೀನಿಫಾರ್ಮಿಸ್ ಎಂಬ ಬೇರೆ ಗಣದಲ್ಲಿತ್ತು. ಡಿ.ಎನ್.ಎ. ನೋಡಿದ ಮೇಲೆ ಆ ಬಳಗವನ್ನು ಪರ್ಸಿಫಾರ್ಮಿಸ್‌ನ ಒಳಕ್ಕೆ ಸೇರಿಸಿದವರು ಹಲವರು. ಅಂದರೆ ಒಂದು ಕಲ್ಲುಮೀನು ಆ ಗಣದಿಂದ ಹೊರಬಂತು, ಇನ್ನೊಂದು ಒಳಹೋಯಿತು. ಸೆಬಾಸ್ಟಿಸ್‌ಗೆ ಸ್ವಂತ ಕುಟುಂಬ ಕೊಡಬೇಕೋ, ಚೇಳುಮೀನುಗಳ ಕುಟುಂಬದ ಒಂದು ಉಪಕುಟುಂಬ ಅನ್ನಬೇಕೋ ಎಂಬ ವಾದವೂ ನಡೆದೇ ಇದೆ. ಬ್ಲೆನಿಫಾರ್ಮಿಸ್‌ನ ಗಡಿಯೂ ಅಷ್ಟೆ. ಎದೆಯ ಬಟ್ಟಲಿನಿಂದ ಕಲ್ಲಿಗೆ ಕಚ್ಚಿಕೊಳ್ಳುವ ಕ್ಲಿಂಗ್‌ಫಿಶ್‌ಗಳನ್ನು ಕೆಲವರು ಈ ಗಣದೊಳಗೇ ಸೇರಿಸುತ್ತಾರೆ, ಕೆಲವರು ಪಕ್ಕದ ಬೇರೆ ಗಣವಾಗಿಡುತ್ತಾರೆ. ಎರಡೂ ಕಡೆಯವರು ಅವು ಹತ್ತಿರದ ನೆಂಟರು ಅನ್ನುವುದನ್ನು ಒಪ್ಪುತ್ತಾರೆ, ಗೆರೆ ಎಲ್ಲಿ ಎಳೆಯಬೇಕು ಅನ್ನುವುದಷ್ಟೇ ಜಗಳ.

ರೂಪ ನೋಡಿ ಮೋಸ ಹೋಗುವುದು ನಮಗೆ ಮಾತ್ರ ಅಲ್ಲ, ಮೀನುಗಳಿಗೂ. ಹವಳದ ದಿಬ್ಬಗಳಲ್ಲಿ ಲ್ಯಾಬ್ರಾಯ್ಡಿಸ್ ಎಂಬ ನೀಲಿಪಟ್ಟಿಯ ಸಣ್ಣ ಮೀನು ದೊಡ್ಡ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ದೊಡ್ಡವು ಬಾಯಿ ತೆರೆದು ನಿಂತು ಸೇವೆ ಮಾಡಿಸಿಕೊಳ್ಳುತ್ತವೆ. ಆಸ್ಪಿಡಾಂಟಸ್ ಎಂಬ ಬ್ಲೆನಿ ಅದೇ ಬಣ್ಣ, ಅದೇ ಪಟ್ಟಿ, ಅದೇ ಕುಣಿತ ಕಲಿತುಕೊಂಡಿದೆ. ಮೋಸ ಹೋದ ಮೀನು ಹತ್ತಿರ ಬಂದರೆ ರೆಕ್ಕೆಯ ತುಂಡನ್ನೇ ಕಚ್ಚಿ ಓಡುತ್ತದೆ. ಬಣ್ಣದಿಂದ ವಂಶ ಹೇಳಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ, ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ.

ಅದು ಜಿಗಿದದ್ದೇಕೆ ಅಂತ ನೀವು ಕೇಳಿಲ್ಲ, ಆದರೆ ನೋಡಿದ್ದು ಅದನ್ನೇ ಆದ್ದರಿಂದ ಹೇಳುತ್ತೇನೆ. ರಾಕ್‌ಸ್ಕಿಪ್ಪರ್‌ಗಳು ಬಾಲವನ್ನು ತಲೆಯ ಕಡೆಗೆ ಬದಿಗೆ ಸುತ್ತಿ, ಬಂಡೆಗೆ ಒತ್ತಿ, ಸ್ಪ್ರಿಂಗಿನಂತೆ ಬಿಚ್ಚುತ್ತವೆ. ಮೈ ಒದ್ದೆಯಿರುವಷ್ಟು ಹೊತ್ತು ಕಿವಿರು ಮತ್ತು ಚರ್ಮದ ಮೂಲಕ ಗಾಳಿಯಿಂದಲೇ ಉಸಿರಾಡಬಲ್ಲವು. ಅದಕ್ಕೇ ಅಲೆಯ ಸಿಂಪರಣೆ ಬೀಳುವ ಜಾಗ ಬಿಟ್ಟು ಹೋಗುವುದಿಲ್ಲ. ಪೆಸಿಫಿಕ್‌ನ ಗುವಾಮ್ ದ್ವೀಪದ ಆಲ್ಟಿಕಸ್ ಎಂಬ ಬ್ಲೆನಿಯಂತೂ ದೊಡ್ಡದಾದ ಮೇಲೆ ಹೆಚ್ಚುಕಡಿಮೆ ನೀರಿನ ಹೊರಗೇ ಬಂಡೆಯ ಮೇಲೆ ಬದುಕುತ್ತದೆ. ನಿಮ್ಮ ನೆರಳು ಬಿದ್ದಾಗ ಅದು ಕೊಕ್ಕರೆಯೋ ಏನೋ ಅಂದುಕೊಂಡು ಹಾರಿರುತ್ತದೆ.

ಸಮುದ್ರವಿಲ್ಲದ ದುರ್ಗದಲ್ಲಿ ಕೂತು ಕಡಲಮೀನಿನ ಪಾಠ ಹೇಳುವುದೇನು ಅಂತ ಹಿಂದೆ ಕೆಲವರು ಕೇಳಿದ್ದುಂಟು. ಇಲ್ಲಿಂದ ಹಿರಿಯೂರಿನ ಕಡೆ ಹೋಗುವಾಗ ಮರಡಿಹಳ್ಳಿ ಇದೆ. ಅಲ್ಲಿನ ಗುಡ್ಡದಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಂಥ ಕಲ್ಲುಗಳಿವೆ. ಕುದಿಯುವ ಲಾವಾ ನೀರಿನಡಿಯಲ್ಲಿ ಉಕ್ಕಿ, ತಣ್ಣೀರು ತಾಗಿ ಉಂಡೆಯುಂಡೆಯಾಗಿ ಹೆಪ್ಪುಗಟ್ಟಿದ್ದು, ಸುಮಾರು 250 ಕೋಟಿ ವರ್ಷದ ಹಿಂದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಆಗ ಮೀನು ಅನ್ನುವುದೇ ಇರಲಿಲ್ಲ, ಆದರೆ ನಾವು ನಿಂತಿರುವ ನೆಲ ಕಡಲತಳವಾಗಿತ್ತು. ನಿಮ್ಮ ಕಾಲೇಜಿನಿಂದ ಒಮ್ಮೆ ಬನ್ನಿ, ನೋಡುವಂತಿದೆ.

ಪರೀಕ್ಷೆಯ ವಿಷಯ. ಪ್ರಶ್ನೆಪತ್ರಿಕೆ ತಿದ್ದುವವರು ನಿಮ್ಮ ಪಠ್ಯ ನೋಡಿಯೇ ತಿದ್ದುತ್ತಾರೆ. ಹಾಗಾಗಿ ಕುಟುಂಬ ಬ್ಲೆನಿಯಿಡೀ ಎಂದು ಮೊದಲು ಬರೆಯಿರಿ, ಅದು ಹಳೆಯದರಲ್ಲೂ ಹೊಸದರಲ್ಲೂ ಒಂದೇ. ಗಣ ಕೇಳಿದರೆ 'ಹಳೆಯ ವಿಂಗಡಣೆಯಲ್ಲಿ ಪರ್ಸಿಫಾರ್ಮಿಸ್, ಈಗಿನ ವಿಂಗಡಣೆಯಲ್ಲಿ ಬ್ಲೆನಿಫಾರ್ಮಿಸ್' ಎಂದು ಒಂದು ಸಾಲು. ನಾನು ತಿದ್ದುವ ಕಾಲದಲ್ಲಿ ಹೀಗೆ ಬರೆದವರಿಗೆ ಪೂರ್ತಿ ಅಂಕ ಕೊಟ್ಟೇ ಕೊಡುತ್ತಿದ್ದೆ. ಒಂದೇ ಪದದ ಉತ್ತರ ಕೇಳಿದ್ದರೆ ಮಾತ್ರ ಪಠ್ಯದಲ್ಲಿರುವುದನ್ನೇ ಬರೆದು ಬನ್ನಿ, ಆಮೇಲೆ ನಿಮ್ಮ ಅಧ್ಯಾಪಕರ ಹತ್ತಿರ ಹೋಗಿ ಮಾತಾಡಿ.

ಮತ್ತೆ ಕರಾವಳಿಗೆ ಹೋದಾಗ ಇಳಿತದ ಹೊತ್ತು ವಿಚಾರಿಸಿಕೊಂಡು ಹೋಗಿ, ಬೆನ್ನನ್ನು ಕಡಲಿಗೆ ಮಾಡಿ ನಿಲ್ಲಬೇಡಿ. ನೀರಗುಂಡಿಯೊಂದರ ಪಕ್ಕ ನೆರಳು ಬೀಳದ ಹಾಗೆ ಹತ್ತು ನಿಮಿಷ ಅಲುಗಾಡದೆ ಕೂರಿ. ಓಡಿಹೋದ ಬ್ಲೆನಿ ತನ್ನ ಬಿಲಕ್ಕೇ ವಾಪಸು ಬರುತ್ತದೆ, ಬಾಲ ಮೊದಲು ಒಳಗೆ ಹಾಕಿ, ತಲೆ ಹೊರಗಿಟ್ಟು, ಎರಡು ಕಣ್ಣುಗಳನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತ ನಿಮ್ಮನ್ನೇ ನೋಡುತ್ತದೆ. ಸಂದಿಗೆ ಬರಿಗೈ ಹಾಕಬೇಡಿ, ವಿಷಮುಳ್ಳಿನ ಚೇಳುಮೀನುಗಳು ಕಲ್ಲಿನ ಬಣ್ಣದಲ್ಲೇ ಕೂತಿರುತ್ತವೆ. ಸಣ್ಣ ಬಲೆಯಿಂದ ಒಂದನ್ನು ಹಿಡಿಯಲು ಸಾಧ್ಯವಾದರೆ ಅದೇ ಗುಂಡಿಯ ನೀರು ತುಂಬಿದ ಗಾಜಿನ ಲೋಟಕ್ಕೆ ಬಿಟ್ಟುಕೊಳ್ಳಿ. ಬದಿಯಿಂದ ಒಂದು ಚಿತ್ರ, ತಲೆಯ ಕುಚ್ಚು ಕಾಣುವಂತೆ ಮುಂದಿನಿಂದ ಒಂದು, ಲೋಟವನ್ನು ಮೇಲೆತ್ತಿ ಅಡಿಯಿಂದ ಹೊಟ್ಟೆಯ ರೆಕ್ಕೆ ಕಾಣುವಂತೆ ಒಂದು. ಒಂದೆರಡು ನಿಮಿಷದಲ್ಲಿ ಮೀನನ್ನು ಅದೇ ಗುಂಡಿಗೆ ಬಿಟ್ಟುಬಿಡಿ, ಅದರ ಬಿಲ ಅಲ್ಲಿಯೇ ಇದೆ. ಆ ಮೂರು ಚಿತ್ರ ಕಳಿಸಿದರೆ ಕುಲವನ್ನು ಖಚಿತವಾಗಿ ಹೇಳುತ್ತೇನೆ, ಪ್ರಭೇದವನ್ನೂ ಹೇಳಬಹುದು.